ನೀರು ಬಿಟ್ಟ ಪುಸ್ತಕ

ಹತ್ತೊಂಬತ್ತು ವರ್ಷದಿಂದ ಈ ಊರಿಗೆ ನೀರು ಬಿಡುವವನು ನಾನು. ಜನ ನೀರುಗಂಟಿ ಎನ್ನುತ್ತಾರೆ. ಕಚೇರಿಯ ಕಾಗದದಲ್ಲಿ ‘ವಾಲ್ವ್ ಚಾಲಕ’ ಎಂದಿದೆ, ಏನೋ ದೊಡ್ಡ ಗಾಡಿ ಓಡಿಸುವವನ ಹಾಗೆ. ನನ್ನ ಗಾಡಿ ಒಂದು ಹಳೆಯ ಸೈಕಲ್ಲು. ಅದರ ಪಕ್ಕಕ್ಕೆ ಕಟ್ಟಿಕೊಂಡಿರುವುದು ಎದೆಯುದ್ದದ ಕಬ್ಬಿಣದ ಕೀಲಿ. ಮಾರುಕಟ್ಟೆ ಬೀದಿಯ ವಾಲ್ವಿಗೆ ಹದಿನಾಲ್ಕು ಸುತ್ತು, ಆಸ್ಪತ್ರೆಯ ಲೈನಿಗೆ ಇಪ್ಪತ್ತೊಂದು ಮುಕ್ಕಾಲು. ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ನಾನು ಕಲಿತ ವಿದ್ಯೆ ಇಷ್ಟೇ, ಇದರಲ್ಲೇ ಹೊಟ್ಟೆ ಹೊರೆದಿದ್ದೇನೆ.

ನನ್ನ ಹತ್ತಿರ ಇನ್ನೊಂದು ಸಾಮಾನಿದೆ. ನೀರು ಬಿಟ್ಟ ಪುಸ್ತಕ. ದಪ್ಪ ರಟ್ಟಿನದು, ಪುಟಪುಟಕ್ಕೂ ಸಂಖ್ಯೆ ಒತ್ತಿರುತ್ತದೆ. ತಾರೀಖು, ಯಾವ ಲೈನು, ಎಷ್ಟು ಹೊತ್ತಿಗೆ, ಎಷ್ಟು ಸುತ್ತು, ನನ್ನ ಸಹಿ. ಕೊನೆಯಲ್ಲಿ ‘ಷರಾ’ ಎಂಬ ಅಗಲವಾದ ಅಂಕಣ, ಅದರಲ್ಲಿ ಬರೆಯುವಂಥದ್ದು ನನಗೆ ಎಂದೂ ಏನೂ ಇರಲಿಲ್ಲ. ಈ ಪುಸ್ತಕದ ಪುಟ ಹರಿಯುವ ಹಾಗಿಲ್ಲ. ತಪ್ಪು ಬರೆದರೆ ಅಳಿಸುವ ಹಾಗೂ ಇಲ್ಲ, ಅಡ್ಡ ಗೆರೆ ಎಳೆದು ಸಹಿ ಹಾಕಬೇಕು. ವಾರಕ್ಕೊಮ್ಮೆ ಇಂಜಿನಿಯರ್ ಸಾಹೇಬರು ಮೇಲುಸಹಿ ಮಾಡುತ್ತಾರೆ. ಬಿಡದ ನೀರನ್ನು ಬಿಟ್ಟೆ ಎಂದು ನಾನು ಒಂದು ದಿನವೂ ಬರೆದವನಲ್ಲ. ಈ ಒಂದು ಜಂಬ ನನಗಿತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಊರ ತುದಿಯ ಏರಿನಲ್ಲಿ ಮೇಲಿನ ಬೀದಿ ಇದೆ. ನಲವತ್ತೆಂಟು ಮನೆ. ಮೂರು ವರ್ಷದ ಹಿಂದೆ ಅಲ್ಲಿಗೆ ಪೈಪು ಹಾಕಿದರು, ಮನೆಮನೆಯ ಮುಂದೆ ನಲ್ಲಿ ನೆಟ್ಟರು. ನೀರನ್ನು ಅಷ್ಟು ಎತ್ತರಕ್ಕೆ ದೂಡುವ ಪಂಪ್ ಒಂದನ್ನು ಮಾತ್ರ ಹಾಕಲಿಲ್ಲ. ಅದು ಮುಂದಿನ ವರ್ಷಕ್ಕೆ ಎಂದರು. ಮುಂದಿನ ವರ್ಷ ಮೂರು ಸಲ ಬಂದು ಹೋಯಿತು. ಜನ ನಲ್ಲಿಗೆ ಛತ್ರಿ ತಗುಲಿಸುತ್ತಾರೆ, ಚೀಲ ತಗುಲಿಸುತ್ತಾರೆ. ನನ್ನ ಅಕ್ಕ ಮಾತ್ರ ತನ್ನ ಮನೆಯ ನಲ್ಲಿಯ ಬಾಯಿಗೆ ಒಂದು ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿದ್ದಳು, ಒಳಗೆ ಧೂಳು ಹೋಗಬಾರದು ಎಂದು. ನಾನು ನಗಾಡಿದರೆ, “ಬಂದಾಗ ಮೊದಲ ನೀರು ಚೆನ್ನಾಗಿ ಬರಬೇಕಲ್ವೇನೋ” ಅನ್ನುತ್ತಿದ್ದಳು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ನನಗೆ ಐದು ವರ್ಷ. ನನ್ನ ಮೂಗು ಒರೆಸಿ, ಕಿವಿ ಹಿಂಡಿ ಬೆಳೆಸಿದವಳು ಅವಳೇ. ಎರಡು ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆದು ಒಬ್ಬಳೇ ಜೀವನ ಮಾಡುತ್ತಾಳೆ. ನೀರಿದ್ದರೆ ಅವಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ದಿನ ಬಿಟ್ಟು ದಿನ ಬೆಳಿಗ್ಗೆ ಏಳಕ್ಕೆ ಕಚೇರಿಯ ಲೆಕ್ಕದಲ್ಲಿ ಟ್ಯಾಂಕರ್ ಬರುತ್ತಿತ್ತು. ಅಕ್ಕ ನಾಲ್ಕು ಡ್ರಮ್ ತುಂಬಿಕೊಳ್ಳುತ್ತಿದ್ದಳು, ಎರಡು ಬಟ್ಟೆಗೆ, ಎರಡು ಉಳಿದದ್ದಕ್ಕೆಲ್ಲ. ಮೊಣಕಾಲು ಹಿಡಿದುಕೊಂಡು, ಒಂದೊಂದು ಕೊಡಕ್ಕೂ ಒಂದೊಂದು ಬೈಗುಳ ಬೈದುಕೊಂಡು, ಅಂತೂ ತುಂಬುತ್ತಿದ್ದಳು.

ಒಂದು ಶುಕ್ರವಾರ ಇಂಜಿನಿಯರ್ ಸಾಹೇಬರು ನನ್ನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನಗೂ ಸುಲಭವಾಗುತ್ತಿತ್ತು.

“ಬರೋ ಗುರುವಾರ ಮಂತ್ರಿಗಳು ಬರ್ತಾರೆ. ಮೇಲಿನ ಬೀದಿ ನೀರಿನ ಉದ್ಘಾಟನೆ” ಎಂದರು.

“ಪಂಪ್ ಬಂತಾ ಸರ್?”

“ಪಂಪಿನ ಫೈಲು ಮೇಲೆ ಇದೆ.”

“ಮೂರು ವರ್ಷದಿಂದ ಫೈಲು ಮೇಲೇ ಇದೆ ಸರ್. ನೀರು ಮಾತ್ರ ಮೇಲೆ ಹೋಗ್ತಿಲ್ಲ.”

ಅವರು ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ನೋಡಪ್ಪ, ಕಾರ್ಯಕ್ರಮಕ್ಕೆ ದುಡ್ಡು ಬಂದಿದೆ. ವೇದಿಕೆ, ಹೂವು, ಕ್ಯಾಮೆರಾ, ಬ್ಯಾನರು. ಜನಜಾಗೃತಿ ಅನ್ನೋ ಲೆಕ್ಕದಲ್ಲಿ ಬಂದಿರೋದು. ಅದನ್ನ ಪಂಪಿಗೆ ಹಾಕೋ ಹಾಗಿಲ್ಲ.”

“ಎಷ್ಟು ಬಂದಿದೆ ಸರ್?”

ಅವರು ಕಿಟಕಿಯ ಕಡೆ ನೋಡಿದರು. “ಎರಡು ಪಂಪ್ ಬರ್ತಿತ್ತು” ಎಂದರು.

ನನಗೆ ಮೈ ಉರಿದುಹೋಯಿತು. ಆದರೆ ಅವರು ಮುಂದೆ ಹೇಳಿದ ಮಾತು ಕೇಳಿ ಉರಿಯನ್ನು ನುಂಗಿಕೊಂಡೆ. ಕಾರ್ಯಕ್ರಮ ಚೆನ್ನಾಗಿ ಆದರೆ ಮಂತ್ರಿಗಳು ಅದೇ ವೇದಿಕೆಯ ಹಿಂದೆ ಪಂಪಿನ ಫೈಲಿಗೆ ಸಹಿ ಹಾಕುತ್ತಾರಂತೆ, ಆಪ್ತ ಕಾರ್ಯದರ್ಶಿಗಳು ಮಾತು ಕೊಟ್ಟಿದ್ದಾರಂತೆ. ಅದಕ್ಕೆ ಲೈನಿನಲ್ಲಿ ನೀರು ಬಿಟ್ಟದ್ದು ಪುಸ್ತಕದಲ್ಲಿ ಇರಬೇಕು, ಪುಸ್ತಕದಲ್ಲಿ ಇಲ್ಲದ ನೀರನ್ನು ಉದ್ಘಾಟನೆ ಮಾಡಲು ಬರುವುದಿಲ್ಲ. “ಒಂದು ಸಾಲು ಬರೆದುಬಿಡು. ತಿಂಗಳೊಳಗೆ ನಿಜವಾದ ನೀರೇ ಬಿಡ್ತೀಯ” ಎಂದರು. ಯೋಚನೆ ಮಾಡುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಯೋಚನೆ ಮಾಡುತ್ತೇನೆ ಎಂದವನು ಅರ್ಧ ಒಪ್ಪಿದ ಹಾಗೆಯೇ.

ಮರುದಿನವೇ ಕಾರ್ಯಕ್ರಮದ ಗುತ್ತಿಗೆದಾರ ಬಂದಿಳಿದ. ಕತ್ತಿಗೆ ಯಾವಾಗಲೂ ಹೆಡ್‌ಫೋನ್ ನೇತುಹಾಕಿಕೊಂಡಿರುತ್ತಿದ್ದ, ನಾನು ಅವನಿಗೆ ಹೆಡ್‌ಫೋನ್ ಅಂತಲೇ ಹೆಸರಿಟ್ಟೆ. ಮೇಲಿನ ಬೀದಿಯ ಬಯಲಿನಲ್ಲಿ ವೇದಿಕೆ, ಹಿಂದೆ ಹೂವಿನ ಗೋಡೆ, ಗೋಡೆಯ ಹಿಂದೆ ಟ್ಯಾಂಕರು. ಟ್ಯಾಂಕರಿನಿಂದ ಸಣ್ಣ ಮೋಟಾರು, ಮೋಟಾರಿನಿಂದ ರಬ್ಬರ್ ಕೊಳವೆ, ವೇದಿಕೆಯ ಮೇಲೆ ಹಿತ್ತಾಳೆಯ ನಲ್ಲಿ. ಪಕ್ಕದಲ್ಲಿ ಮಂತ್ರಿಗಳು ತಿರುಗಿಸಲು ಒಂದು ದೊಡ್ಡ ವಾಲ್ವ್ ಚಕ್ರ. ಅದಕ್ಕೂ ನೀರಿಗೂ ಸಂಬಂಧವೇ ಇಲ್ಲ, ಒಂದು ಕಂಬಕ್ಕೆ ಸಿಕ್ಕಿಸಿದ್ದು ಅಷ್ಟೇ. ಉಗ್ರಾಣದಿಂದ ಹಳೆಯ ಚಕ್ರ ಹುಡುಕಿ, ಕೆಂಪು ಬಣ್ಣ ಬಳಿದು ಕೊಟ್ಟವನು ನಾನೇ. ಹೂವಿನ ಗೋಡೆಯ ಸಂದಿನಿಂದ ನೋಡುತ್ತಿದ್ದು, ಮಂತ್ರಿಗಳು ಚಕ್ರ ಹಿಡಿದ ಕೂಡಲೇ ಟ್ಯಾಂಕರ್ ಡ್ರೈವರಿಗೆ ಕೈ ಎತ್ತಿ ತೋರಿಸುವುದೂ ನನ್ನ ಕೆಲಸ.

ಮೊದಲ ಕೊಡ ನೀರು ಒಬ್ಬ ಹೆಂಗಸಿನ ಕೈಗೆ ಕೊಡಬೇಕಿತ್ತು. ಹೆಡ್‌ಫೋನ್ ಬೀದಿಯುದ್ದಕ್ಕೂ ನಡೆದು ಫೋನಿನಲ್ಲಿ ಮುಖಗಳ ಫೋಟೊ ತೆಗೆದ. ಸಂಜೆ ಆರಿಸಿ ಹೇಳಿದ್ದು ನನ್ನ ಅಕ್ಕನನ್ನು. “ಕಷ್ಟಪಟ್ಟ ಮುಖ, ಆದ್ರೆ ನಕ್ಕರೆ ಚೆನ್ನಾಗಿ ಕಾಣ್ತಾರೆ” ಎಂದ. ಅವಳಿಗೆ ಹಳದಿ ಬಟ್ಟೆ, ಕೈಗೆ ಹೊಳೆಯುವ ಹೊಸ ಕೊಡ. ಕೊಡ ವಾಪಸ್ ಕೊಡಬೇಕು ಎಂದು ಎರಡು ಸಲ ಹೇಳಿದ.

ನಾನು ಅಕ್ಕನ ಮನೆಗೆ ಹೋದಾಗ ಅವಳು ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಟ್ಟೆ ಉಜ್ಜುತ್ತಿದ್ದಳು. ನಿಜ ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅವಳು ತಲೆ ಎತ್ತಿ ನೋಡಿದಳು.

“ಅವರು ಹೇಳೋದೆಲ್ಲ ಬಿಡು. ನೀನು ಹೇಳು. ನೀರು ಬರುತ್ತಾ?”

ಮಂತ್ರಿ ಹೇಳಿದ್ದನ್ನಾಗಲಿ ಇಂಜಿನಿಯರ್ ಹೇಳಿದ್ದನ್ನಾಗಲಿ ಅವಳು ನಂಬುವವಳಲ್ಲ. ನೀರಿನ ವಿಷಯದಲ್ಲಿ ನಾನು ಹೇಳಿದರೆ ಮುಗಿಯಿತು. ಸಹಿ ಬೀಳುತ್ತದೆ, ಪಂಪ್ ಬರುತ್ತದೆ, ತಿಂಗಳೊಳಗೆ ಬಂದೇ ಬರುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ. ಇಷ್ಟನ್ನೂ ಅವಳಿಗೆ ಹೇಳಬಹುದಿತ್ತು.

“ಬರುತ್ತೆ ಅಕ್ಕ” ಎಂದೆ.

ಮಂಗಳವಾರ ಟ್ಯಾಂಕರ್ ಬಂದಾಗ ಅಕ್ಕ ಎರಡೇ ಡ್ರಮ್ ತುಂಬಿದಳಂತೆ. ಇನ್ನೆರಡನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಳು. ಅಂಗಳದಲ್ಲಿ ಜಾಗ ಆಯಿತು, ಬಟ್ಟೆ ಒಣಗಿಸಲು ಇನ್ನೊಂದು ಹಗ್ಗ ಕಟ್ಟಬಹುದು ಎಂದು ನನಗೆ ತೋರಿಸಿದಳು. ನಾನು ಹಗ್ಗ ಕಟ್ಟಿಕೊಟ್ಟು ಬಂದೆ.

ಬುಧವಾರ ತಾಲೀಮು. ಮಂತ್ರಿಗಳ ಎತ್ತರವೂ ನನ್ನ ಎತ್ತರವೂ ಒಂದೇ ಅಂತೆ, ಹಾಗಾಗಿ ಬೆಳಕು ನೋಡಲು ನನ್ನನ್ನೇ ಮಂತ್ರಿ ಮಾಡಿದರು. ನಡೆದು ಬಂದೆ, ಕೈ ಮುಗಿದೆ, ಚಕ್ರ ತಿರುಗಿಸಿದೆ. ಅಭ್ಯಾಸಬಲ, ಎಡಕ್ಕೇ ತಿರುಗಿಸಿದೆ. ನಲ್ಲಿಯಿಂದ ನೀರು ಎಗರಿತು. ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರು. ಎಂಥ ನಾಚಿಕೆಗೇಡು, ಅರೆಕ್ಷಣ ನನಗೂ ಖುಷಿಯಾಯಿತು.

ಅವತ್ತು ಸಂಜೆ ಪುಸ್ತಕದ ತೊಂಬತ್ತೇಳನೆಯ ಪುಟದಲ್ಲಿ ಬರೆದೆ. ‘ಗುರುವಾರ, ಮೇಲಿನ ಬೀದಿ ಲೈನು, ಬೆಳಿಗ್ಗೆ ಹತ್ತು ಐವತ್ತು, ಹದಿನೆಂಟು ಸುತ್ತು.’ ನಾಳೆ ಆಗಬೇಕಾದ್ದನ್ನು ಇವತ್ತೇ ಬರೆದೆ, ಆಗದೇ ಇರುವುದನ್ನು ಆಯಿತು ಎಂದು ಬರೆದೆ. ಇಂಜಿನಿಯರ್ ಸಾಹೇಬರು ವಾರ ಮುಗಿಯುವ ತನಕ ಕಾಯದೆ ಅಲ್ಲೇ ನಿಂತು ಮೇಲುಸಹಿ ಹಾಕಿದರು.

ಗುರುವಾರ ಮೇಲಿನ ಬೀದಿಗೆ ಟ್ಯಾಂಕರಿನ ಪಾಳಿ. ಟ್ಯಾಂಕರೇನೋ ಬಂತು, ಆದರೆ ಬೀದಿ ಏಳುವ ಮೊದಲೇ ಸೀದಾ ಹೂವಿನ ಗೋಡೆಯ ಹಿಂದಕ್ಕೆ ಹೋಗಿ ನಿಂತಿತು. ಬೀದಿಯ ಜನ ಬರಿಯ ಕೊಡ ಮನೆಯಲ್ಲಿಟ್ಟು ಚಪ್ಪಾಳೆ ತಟ್ಟಲು ಬಂದಿದ್ದರು. ಎರಡು ಗಂಟೆ ಬಿಸಿಲಲ್ಲಿ ಕೂತ ಮೇಲೆ ಮಂತ್ರಿಗಳ ಕಾರು ಬಂತು. ಭಾಷಣ, ಹಾರ, ಮತ್ತೆ ಭಾಷಣ. ಆಮೇಲೆ ಅವರು ಚಕ್ರಕ್ಕೆ ಕೈ ಹಾಕಿದರು. ನಾನು ಕೈ ಎತ್ತಿದೆ, ಮೋಟಾರು ಗುರ್ ಎಂದಿತು.

ಮಂತ್ರಿಗಳು ಚಕ್ರವನ್ನು ಬಲಕ್ಕೆ ತಿರುಗಿಸಿದರು. ಮುಚ್ಚುವ ದಿಕ್ಕಿಗೆ. ಒಂದು ಸಲವಲ್ಲ, ಕ್ಯಾಮೆರಾದವರು ಇನ್ನೊಮ್ಮೆ ಎಂದಾಗಲೆಲ್ಲ ಮತ್ತೆ ಮತ್ತೆ ಬಲಕ್ಕೇ ತಿರುಗಿಸಿದರು. ನೀರು ಮಾತ್ರ ಆಳೆತ್ತರ ಚಿಮ್ಮುತ್ತಿತ್ತು. ಅಲ್ಲಿದ್ದ ಐನೂರು ಜನರಲ್ಲಿ ಇದು ತಪ್ಪು ಎಂದು ಗೊತ್ತಾದದ್ದು ಇಬ್ಬರಿಗೆ. ಇಂಜಿನಿಯರ್ ಸಾಹೇಬರು ತಮ್ಮ ಬೂಟನ್ನು ನೋಡಿಕೊಂಡರು. ನಾನು ಹೂವಿನ ಹಿಂದೆ ಇದ್ದೆ.

ಅಕ್ಕ ಹಳದಿ ಬಟ್ಟೆ ಹಾಕಿಕೊಂಡು ಕೊಡ ಹಿಡಿದಳು. ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸುವಾಗ ಅವಳ ಮುಖ ಅದರ ಬಾಯಿಯ ಹತ್ತಿರ ಬಂತು. ಅಷ್ಟೇ ಸಾಕಾಯಿತು. ಹತ್ತು ವರ್ಷ ಟ್ಯಾಂಕರಿನ ನೀರು ಹೊತ್ತವಳು, ಆ ರಬ್ಬರ್ ಕೊಳವೆಯ ವಾಸನೆ ಅವಳಿಗೆ ತನ್ನ ಮೈಯ ವಾಸನೆಯಷ್ಟೇ ಗೊತ್ತು. ಹೂವಿನ ಗೋಡೆಯ ಕಡೆ ತಿರುಗಿ, ಸಂದಿನಲ್ಲಿ ನನ್ನ ಕಣ್ಣನ್ನೇ ಹುಡುಕಿದಳು. ಹೆಡ್‌ಫೋನ್ ಕೆಳಗಿನಿಂದ “ನಗಿ ಅಮ್ಮಾ, ಈ ಕಡೆ ನೋಡಿ ನಗಿ” ಎಂದ. ಅವಳು ತಿರುಗಿ ನಕ್ಕಳು.

ಕಾರು ಹೋಯಿತು. ಪಂಪಿನ ಫೈಲು ಇಂಜಿನಿಯರ್ ಸಾಹೇಬರ ಕಂಕುಳಲ್ಲೇ ಉಳಿಯಿತು. ಸಮಯವಿಲ್ಲ, ಇನ್ನೂ ಎರಡು ಊರಿನಲ್ಲಿ ಉದ್ಘಾಟನೆ ಇದೆ ಎಂದರಂತೆ. ಹೊಸ ಕೊಡವನ್ನು ಹೆಡ್‌ಫೋನ್ ಕೇಳಿ ಇಸಿದುಕೊಂಡ. ಕೊಡುವ ಮೊದಲು ಅಕ್ಕ ಅದರಲ್ಲಿದ್ದ ನೀರನ್ನು ಮನೆಯ ಡ್ರಮ್ಮಿಗೆ ಸುರಿದುಕೊಂಡಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

“ರಬ್ಬರ್ ವಾಸನೆ ಕಣೋ” ಎಂದಳು. ಅಷ್ಟೇ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಶನಿವಾರ ಟ್ಯಾಂಕರ್ ಬರಲಿಲ್ಲ. ಸೋಮವಾರವೂ ಇಲ್ಲ. ಡ್ರೈವರನ್ನು ಹಿಡಿದು ಕೇಳಿದರೆ, “ನಿಮ್ಮ ಮೇಲಿನ ಬೀದಿ ನನ್ನ ಪಟ್ಟೀಲೇ ಇಲ್ಲಣ್ಣ, ತೆಗೆದುಹಾಕಿದ್ದಾರೆ” ಎಂದ. ಕಚೇರಿಗೆ ಓಡಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

“ನಲ್ಲಿ ನೀರು ಬಂದಿರೋ ಬೀದಿಗೆ ಟ್ಯಾಂಕರ್ ಕೊಡೋ ಹಾಗಿಲ್ಲ. ನಿಯಮ.”

“ನಲ್ಲೀಲಿ ನೀರು ಎಲ್ಲಿ ಬಂದಿದೆ?”

ಅವರು ಒಂದು ಜೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. ಹತ್ತು ಐವತ್ತು, ಹದಿನೆಂಟು ಸುತ್ತು. “ಈ ಸಹಿ ಯಾರದ್ದು?” ಎಂದರು.

ನನ್ನ ಕೈಬರಹ ಅಷ್ಟು ದುಂಡಗೆ ಇದೆ ಎಂದು ನನಗೆ ಮೊದಲ ಸಲ ಸಿಟ್ಟು ಬಂತು. ಅದು ತಪ್ಪು ಬರಹ, ಗೆರೆ ಎಳೆದು ಸಹಿ ಹಾಕುತ್ತೇನೆ ಎಂದೆ. ಗುಮಾಸ್ತರು ತಲೆಯಾಡಿಸಿದರು. “ಮೇಲುಸಹಿ ಬಿದ್ದಿದೆ. ಮೇಲುಸಹಿ ಬಿದ್ದದ್ದನ್ನ ಹೊಡೆದುಹಾಕೋಕೆ ಇಂಜಿನಿಯರಿಗಿಂತ ಮೇಲಿನವರ ಸಹಿ ಬೇಕು.”

“ಮೇಲಿನವರು ಅಂದ್ರೆ ಯಾರು?”

“ಯಾರಾದ್ರೂ ಆಗಬಹುದು. ಮೇಲಿದ್ರೆ ಸಾಕು.”

ಇಂಜಿನಿಯರ್ ಸಾಹೇಬರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವರು ತಲೆ ಮೇಲೆ ಕೈ ಹೊತ್ತು ಕೂತರು. ಸುಳ್ಳು ಬರೆದೆವು ಎಂದು ಈಗ ಬರೆದರೆ ನೀನೂ ಮನೆಗೆ, ನಾನೂ ಮನೆಗೆ, ಇವತ್ತೇ ಟ್ಯಾಂಕರ್ ಬರುತ್ತದೆ ಎಂದೂ ಇಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನಗೆ ತಡೆಯಲಾರದ ಸಂಕಟ. ಒಬ್ಬನನ್ನು ಹಿಡಿದು ಕೆನ್ನೆಗೆ ಬಾರಿಸೋಣವೆಂದರೆ ಈ ಇಡೀ ವ್ಯವಹಾರದಲ್ಲಿ ಒಂದೂ ಕೆನ್ನೆ ಕೈಗೆ ಸಿಗುತ್ತಿರಲಿಲ್ಲ, ನನ್ನದೊಂದು ಬಿಟ್ಟು.

ಮೂರು ತಿಂಗಳು ನಾನು ಸೈಕಲ್ಲಿಗೆ ನಾಲ್ಕು ಕ್ಯಾನು ಕಟ್ಟಿಕೊಂಡು ಏರು ಹತ್ತಿದೆ. ಕೆಲಸಕ್ಕೆ ಮೊದಲು ಎರಡು ಸಲ, ಕೆಲಸ ಮುಗಿಸಿ ಎರಡು ಸಲ. ಊರಿಗೆಲ್ಲ ಸುತ್ತು ಎಣಿಸಿ ನೀರು ಬಿಡುವವನು ಅಕ್ಕನ ಮನೆಗೆ ಕ್ಯಾನಿನಲ್ಲಿ ನೀರು ಹೊತ್ತೆ. ಅವಳು ಬಾಗಿಲು ತೆಗೆಯುತ್ತಿದ್ದಳು, ಸುರಿದುಕೊಳ್ಳುತ್ತಿದ್ದಳು, ಖಾಲಿ ಕ್ಯಾನು ಹೊರಗಿಡುತ್ತಿದ್ದಳು. ಮಾತಿಲ್ಲ. ಎರಡು ಲಾಡ್ಜಿನ ಬಟ್ಟೆಗೆ ಅಷ್ಟು ನೀರು ಯಾವ ಮೂಲೆಗೆ. ಹಾಸಿಗೆ ಬಟ್ಟೆ ತಡವಾಗುತ್ತಿದೆ ಎಂದು ದೊಡ್ಡ ಲಾಡ್ಜಿನವರು ಬೇರೆಯವರಿಗೆ ಕೊಟ್ಟರು. ನಾನು ಕಟ್ಟಿಕೊಟ್ಟ ಹಗ್ಗ ಖಾಲಿ ನೇತಾಡುತ್ತಿತ್ತು. ಗುಜರಿ ಅಂಗಡಿಗೆ ಹೋಗಿ ಅವಳ ಡ್ರಮ್ಮುಗಳನ್ನು ಕೇಳಿದೆ, ಯಾವತ್ತೋ ಕತ್ತರಿಸಿ ತಗಡು ಮಾಡಿಯಾಗಿತ್ತು.

ಇಷ್ಟರ ಮೇಲೆ ಏರಿನ ತಿರುವಿನಲ್ಲಿ ಬ್ಯಾನರ್ ಹಾಕಿದರು. ಎರಡಾಳು ಎತ್ತರ. ಮಂತ್ರಿಗಳು, ಚಕ್ರ, ಚಿಮ್ಮುವ ನೀರು, ನಡುವೆ ಹಳದಿ ಬಟ್ಟೆಯಲ್ಲಿ ಕೊಡ ಹಿಡಿದು ನಗುವ ನನ್ನ ಅಕ್ಕ. ಮೇಲಿನ ಬೀದಿಯ ಹೆಂಗಸರು ಕೆಳಗಿನ ಬೀದಿಯ ನಲ್ಲಿಗೆ ಖಾಲಿ ಕೊಡ ಹಿಡಿದು ಇಳಿಯುವ ದಾರಿ ಅದೇ. “ನಿನ್ನ ಕೊಡ ತುಂಬಿದೆ ಅಲ್ಲ, ನಮಗೂ ಚೂರು ಹಾಕು” ಎಂದು ಒಬ್ಬಳು ತಮಾಷೆ ಮಾಡಿದಳಂತೆ. ಅಂದಿನಿಂದ ಅಕ್ಕ ಅಷ್ಟುದ್ದ ಸುತ್ತು ಬಳಸಿ, ಮೊಣಕಾಲು ಎಳೆದುಕೊಂಡು, ಹಿಂದಿನ ದಾರಿಯಲ್ಲಿ ಇಳಿಯತೊಡಗಿದಳು. ಅದನ್ನು ನೋಡಿದ ದಿನ ನಾನು ಸೈಕಲ್ಲನ್ನು ನೆಲಕ್ಕೆ ಬಿಟ್ಟು ರಸ್ತೆ ಬದಿಯಲ್ಲಿ ಕೂತು ಅತ್ತೆ. ಈ ವಯಸ್ಸಿನಲ್ಲಿ, ಹಾಡುಹಗಲು.

ಆಗ ಬಂತು ನೂರನೆಯ ದಿನದ ಸಂಭ್ರಮ.

ನೀರು ಬಂದು ನೂರು ದಿನ ಆಯಿತಂತೆ. ಅದೇ ಬಯಲು, ಅದೇ ಹೂವು, ಅದೇ ಹೆಡ್‌ಫೋನ್. ಈ ಸಲ ಚಕ್ರ ಬೇಡ, ಹೊಸದೇನಾದರೂ ಬೇಕು ಎಂದು ಅವನು ಕಚೇರಿಯೆಲ್ಲ ಸುತ್ತಿ, ನನ್ನ ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ ನೋಡಿದ. ದಪ್ಪ ರಟ್ಟು, ಹಳೆಯ ಕಾಲದ ಅಂಕಣಗಳು. ಅವನ ಕಣ್ಣು ಅರಳಿತು. “ಇದು ಚೆನ್ನಾಗಿದೆ. ಮಂತ್ರಿಗಳು ವೇದಿಕೆ ಮೇಲೆ ನೀರಿನ ಪುಸ್ತಕಕ್ಕೆ ಸಹಿ ಹಾಕ್ತಾರೆ. ಜನರ ಪುಸ್ತಕ, ಜನರ ನೀರು. ನೀವೇ ಹಿಡ್ಕೊಳಿ, ಯೂನಿಫಾರ್ಮ್ ಹಾಕ್ಕೊಂಡು.”

ಮೇಲಿದ್ದರೆ ಸಾಕು ಎಂದು ಗುಮಾಸ್ತರು ಅಂದದ್ದು ನನ್ನ ಕಿವಿಯಲ್ಲಿ ಹಾಗೇ ಇತ್ತು. ನಾನು ತಲೆ ತಗ್ಗಿಸಿ, ಆಗಲಿ ಎಂದೆ.

ಏನು ಬರೆಯಬೇಕೆಂದು ಇಂಜಿನಿಯರ್ ಸಾಹೇಬರು ಒಂದು ಚೀಟಿ ಕೊಟ್ಟರು. ‘ಲೈನು ನೂರು ದಿನದಿಂದ ಸುಗಮ, ನಿವಾಸಿಗಳು ಸಂತುಷ್ಟರು.’ ನೂರ ಹನ್ನೆರಡನೆಯ ಪುಟದಲ್ಲಿ ದುಂಡಗೆ ಬರೆದೆ. ಅವರು ಓದಿ, ಸರಿ ಎಂದು ರಿಬ್ಬನ್ ಇಟ್ಟು ಪುಸ್ತಕ ಮುಚ್ಚಿದರು. ಅವರು ಹೋದ ಮೇಲೆ ಆ ಬರಹಕ್ಕೆ ಅಡ್ಡ ಗೆರೆ ಎಳೆದು, ‘ತಪ್ಪಾಗಿ ಬರೆದದ್ದು’ ಎಂದು ಸಹಿ ಹಾಕಿದೆ. ಅದಕ್ಕೆ ಮೇಲುಸಹಿ ಇನ್ನೂ ಬಿದ್ದಿರಲಿಲ್ಲ, ನಿಯಮ ನನ್ನ ಕಡೆಗಿತ್ತು. ಮುಂದಿನ ಪುಟ ತಿರುಗಿಸಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಷರಾ ಅಂಕಣಕ್ಕೆ ಪೆನ್ನು ಹಚ್ಚಿದೆ.

‘ಮೇಲಿನ ಬೀದಿ ಲೈನಿಗೆ ಈ ದಿನದವರೆಗೆ ಒಂದು ಹನಿಯೂ ನೀರು ಬಿಟ್ಟಿಲ್ಲ. ಪಂಪ್ ಇಲ್ಲ. ಉದ್ಘಾಟನೆಯ ದಿನ ಬಂದದ್ದು ಟ್ಯಾಂಕರ್ ನೀರು. ಪುಟ ತೊಂಬತ್ತೇಳರಲ್ಲಿ ನಾನು ಬರೆದದ್ದು ಸುಳ್ಳು, ಅದು ರದ್ದು. ಪಂಪ್ ಬರುವ ತನಕ ಟ್ಯಾಂಕರ್ ಕೊಡತಕ್ಕದ್ದು.’

ರಿಬ್ಬನ್ನನ್ನು ಈ ಪುಟಕ್ಕೆ ಸರಿಸಿದೆ. ಸಂಭ್ರಮದ ದಿನ ಯೂನಿಫಾರ್ಮ್ ಹಾಕಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದೆ. ಓದಿದರೆ ನನ್ನ ಕೆಲಸ ಹೋಯಿತು, ಸುಳ್ಳು ಬರೆದವನೂ ನಾನೇ ಎಂದು ಅದರಲ್ಲೇ ಇದೆ. ಮಂತ್ರಿಗಳ ಮುಂದೆ ಪುಸ್ತಕ ತೆರೆದು ಹಿಡಿದೆ. ಅಕ್ಷರ ದೊಡ್ಡದಾಗಿತ್ತು, ಅವರ ಕಣ್ಣಿಗೂ ಅದಕ್ಕೂ ಒಂದು ಗೇಣು.

“ಸರ್, ಪುಸ್ತಕ ಸ್ವಲ್ಪ ಈ ಕಡೆ” ಎಂದ ಹೆಡ್‌ಫೋನ್. ನಾನು ಕ್ಯಾಮೆರಾದ ಕಡೆ ವಾಲಿಸಿದೆ. ಮಂತ್ರಿಗಳು ಪೆನ್ನು ಹಿಡಿದು, ಕ್ಯಾಮೆರಾವನ್ನೇ ನೋಡಿ ನಗುತ್ತ, “ಎಲ್ಲಿ?” ಎಂದರು.

“ಇಲ್ಲಿ ಸರ್, ಷರಾದ ಕೆಳಗೆ” ಎಂದು ಬೆರಳಿಟ್ಟು ತೋರಿಸಿದೆ.

ಅವರು ಸಹಿ ಹಾಕಿದರು. ಉದ್ದನೆಯ, ಬಾಲವಿರುವ ಸಹಿ. ಚಪ್ಪಾಳೆ ಬಿತ್ತು. ನನ್ನ ಹೆಗಲು ತಟ್ಟಿ, “ನಿಮ್ಮಂಥವರಿಂದಲೇ ನಾಡು ನಡೆಯೋದು” ಎಂದರು. ಓದಬಾರದು ಎಂದು ಬೆಳಿಗ್ಗೆಯಿಂದ ಬೇಡಿಕೊಂಡಿದ್ದ ನನಗೆ, ಅವರು ಓದಲಿಲ್ಲವಲ್ಲ ಎಂದು ಸಿಟ್ಟು ಬಂತು.

ಮರುದಿನ ಪುಸ್ತಕವನ್ನು ಗುಮಾಸ್ತರ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು, ಕನ್ನಡಕ ಒರೆಸಿ ಮೂರನೆಯ ಸಲ ಓದಿದರು. ನನ್ನ ಮುಖ ನೋಡಿದರು. ಟ್ಯಾಂಕರಿನ ಪಟ್ಟಿ ತೆಗೆದು ಕೊನೆಯಲ್ಲಿ ‘ಮೇಲಿನ ಬೀದಿ’ ಎಂದು ಸೇರಿಸಿದರು. ಇಂಜಿನಿಯರ್ ಸಾಹೇಬರಿಗೆ ವಿಷಯ ಗೊತ್ತಾದಾಗ ಬಿಳಿಚಿಕೊಂಡರು. ಆದರೆ ಮಂತ್ರಿಯ ಸಹಿಯಿರುವ ಪುಟಕ್ಕೆ ಗೆರೆ ಎಳೆಯಲು ಮಂತ್ರಿಗಿಂತ ಮೇಲಿನವರು ಬೇಕು. ನನ್ನನ್ನು ಕೆಲಸದಿಂದ ತೆಗೆಯಲು ಕಾರಣ ಬರೆಯಬೇಕು, ಕಾರಣ ಬರೆದರೆ ಯಾರಾದರೂ ಆ ಪುಟ ಓದಬೇಕು. ಓದುವುದು ಯಾರಿಗೂ ಬೇಕಾಗಿರಲಿಲ್ಲ.

ಎರಡು ವಾರದ ಮೇಲೆ ಪ್ರಚಾರ ಇಲಾಖೆಯಿಂದ ಒಂದು ದೊಡ್ಡ ಪಾರ್ಸೆಲ್ ಬಂತು. ಅದೇ ಪುಟದ ಫೋಟೊವನ್ನು ದೊಡ್ಡದು ಮಾಡಿ, ಗಾಜು ಹಾಕಿ, ಚಿನ್ನದ ಬಣ್ಣದ ಚೌಕಟ್ಟು ಕಟ್ಟಿಸಿದ್ದರು. ಕಚೇರಿಯ ಗೋಡೆಯ ಮೇಲೆ ಹಾಕಬೇಕೆಂದು ಆದೇಶ. ಸಹಿ ಎದ್ದು ಕಾಣುವ ಹಾಗೆ ತೆಗೆದಿದ್ದರು, ಮೇಲಿದ್ದ ನನ್ನ ಆರು ಸಾಲೂ ಸ್ಪಷ್ಟವಾಗಿತ್ತು. ಫೋಟೊ ತೆಗೆದವನು, ಮುದ್ರಿಸಿದವನು, ಚೌಕಟ್ಟು ಹಾಕಿದವನು, ಬಿಲ್ಲು ಪಾಸು ಮಾಡಿದವನು, ಇಷ್ಟು ಜನರ ಕೈ ದಾಟಿ ಬಂದಿತ್ತು. ಇಂಜಿನಿಯರ್ ಸಾಹೇಬರು ಅದನ್ನು ಆದಷ್ಟು ಎತ್ತರಕ್ಕೆ, ಗಡಿಯಾರಕ್ಕಿಂತ ಮೇಲೆ ಮೊಳೆ ಹೊಡೆಸಿ ತೂಗುಹಾಕಿಸಿದರು. ದಿನಾ ನೂರಾರು ಜನ ಬರುತ್ತಾರೆ, ಗಡಿಯಾರ ನೋಡುತ್ತಾರೆ, ಹೋಗುತ್ತಾರೆ. ಯಾರಾದರೂ ಒಬ್ಬ ಓದಿ ಇದೇನಿದು ಎಂದು ಕೇಳಲಿ ಎಂದು ನಾನು ಕಾದೆ. ಒಬ್ಬರೂ ಕೇಳಲಿಲ್ಲ. ಪಂಪಿನ ಫೈಲೂ ಇಳಿದು ಬರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಬಂದಳು. ಟ್ಯಾಂಕರ್ ನೀರು ತುಂಬಿಕೊಳ್ಳಲು ಇನ್ನೂ ಎರಡು ಡ್ರಮ್ ಬೇಕು, ಕಚೇರಿಯ ಉಗ್ರಾಣದಲ್ಲಿ ಹಳೆಯದು ಇದ್ದರೆ ಕೊಡುತ್ತಾರಾ ಎಂದು ಗುಮಾಸ್ತರನ್ನು ಕೇಳಲು ಬಂದವಳು. ನನ್ನನ್ನು ಕೇಳಲು ಅಲ್ಲ. ಗುಮಾಸ್ತರು ಊಟಕ್ಕೆ ಹೋಗಿದ್ದರು. ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಲು ತಲೆ ಎತ್ತಿದಳು, ಎತ್ತಿದ ತಲೆ ಹಾಗೇ ನಿಂತಿತು. ನನ್ನ ಅಕ್ಷರ ಅವಳಿಗೆ ಗೊತ್ತು, ಕೈ ಹಿಡಿದು ತಿದ್ದಿಸಿದವಳು ಅವಳೇ. ಬೆರಳನ್ನು ಗಾಳಿಯಲ್ಲಿ ಸಾಲಿನಿಂದ ಸಾಲಿಗೆ ಸರಿಸುತ್ತ ನಿಧಾನವಾಗಿ ಓದಿದಳು. ‘ನಾನು ಬರೆದದ್ದು ಸುಳ್ಳು’ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಕೊನೆಯವರೆಗೂ ಓದಿ, ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತಳು. ಮೊಣಕಾಲು ಒತ್ತಿಕೊಂಡಳು.

“ಕೆಲಸ ಹೋಗಿದ್ರೆ ಏನು ಮಾಡ್ತಿದ್ದೆ?”

“ಬಟ್ಟೆ ಒಗೆಯೋಕೆ ಬರ್ತಿದ್ದೆ.”

“ನೀನು ಒಗೆದ ಹಾಗೇ ಇತ್ತು” ಎಂದಳು. ಮತ್ತೆ ಗೋಡೆಯ ಕಡೆ ನೋಡಿದಳು. “ನಲ್ಲೀಲಿ ನೀರು ಬರುತ್ತೇನೋ?”

ನಾಲ್ಕು ತಿಂಗಳ ಮೇಲೆ ನನ್ನನ್ನು ಕೇಳಿದ್ದಳು. ಬಾಯಿಗೆ ಬಂದ ಮಾತನ್ನು ಹಿಂದಕ್ಕೆ ನುಂಗಿದೆ.

“ಗೊತ್ತಿಲ್ಲ ಅಕ್ಕ” ಎಂದೆ.

ಅವಳು ತಲೆಯಾಡಿಸಿದಳು. ಸಂಜೆ ನಾನು ಎರಡು ಹಳೆಯ ಡ್ರಮ್ಮುಗಳನ್ನು ಸೈಕಲ್ಲಿನ ಎರಡು ಕಡೆಗೂ ಕಟ್ಟಿಕೊಂಡು ಏರು ಹತ್ತಿದಾಗ, ಅವಳು ನಲ್ಲಿಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ, ಒಗೆದು, ಖಾಲಿ ಹಗ್ಗದ ಮೇಲೆ ಒಣಗಲು ಹಾಕಿದ್ದಳು.